ನಮ್ಮ ಪ್ರಿಂಟರಿನ ಪಾಳಿ

ನಮ್ಮ ಕಾಲೇಜಿನಲ್ಲಿ ಈ ವರ್ಷ ಬಹುವಾಗಿ ಚರ್ಚೆಗೆ ಬಂದ ವಸ್ತು ಯಾವುದೆಂದು ಕೇಳಿದರೆ ಕ್ರೀಡಾದಿನದ ಬಹುಮಾನಗಳೆಂದೋ ಪ್ರವಾಸದ ಲೆಕ್ಕವೆಂದೋ ಹೇಳುವವರು ಇದ್ದಾರು. ನನ್ನ ಮಟ್ಟಿಗೆ ಅದು ಗಣಕಕೊಠಡಿಯ ಮೂಲೆಯಲ್ಲಿ, ಗಾಜು ಒಡೆದ ಕಿಟಕಿಯ ಕೆಳಗೆ, ಧೂಳು ಬೀಳದಂತೆ ಹಳೆಯ ಟವಲು ಹೊದ್ದುಕೊಂಡು ಕುಳಿತಿರುವ ಪ್ರಿಂಟರು. ಕಳೆದ ತಿಂಗಳು ಅದರ ವಿಷಯವಾಗಿ ಒಂದು ಸಲಹೆ ಹೊರಟಿತು. ಒಂದೇ ಯಂತ್ರಕ್ಕೆ ಎರಡು ಪಾಳಿಗಳನ್ನು ಮಾಡಬೇಕು. ಕಚೇರಿಯವರಿಗೂ ಅಧ್ಯಾಪಕರಿಗೂ ಒಂದು, ವಿದ್ಯಾರ್ಥಿಗಳಿಗೆ ಇನ್ನೊಂದು. ಮೊದಲನೆಯದು ಖಾಲಿಯಾದಾಗ ಎರಡನೆಯದು ನಡೆಯಬೇಕು. ಸಲಹೆ ಮಾಡಿದವರ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅದು ಆಗಬಾರದೆಂದು ನನ್ನ ಅಭಿಪ್ರಾಯ. ಏಕೆ ಆಗಬಾರದೆಂಬುದನ್ನು ಹೇಳುವುದಕ್ಕೆ ಆ ಯಂತ್ರ ನಮ್ಮ ಕೊಠಡಿಗೆ ಬಂದು ಮಾತು ಕಲಿತ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಗುರುಗಳು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡಿಕೊಳ್ಳುತ್ತೇನೆ.

ನಾವು ಕಲಾವಿಭಾಗದವರು. ನಮಗೆ ಪ್ರಿಂಟರಿನ ಗೊಡವೆ ಏಕೆ ಎಂದು ಕೇಳುವವರು ಜೂನ್ ತಿಂಗಳಲ್ಲಿ ಒಂದು ದಿನ ನಮ್ಮ ಗೇಟಿನ ಎದುರು ನಿಂತು ನೋಡಬೇಕು. ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಇವೆಲ್ಲವನ್ನೂ ಈಗ ಅಂತರಜಾಲದಲ್ಲಿ ತುಂಬಬೇಕು. ತುಂಬಿದ ಮೇಲೆ ಅದರ ಅಚ್ಚು ತೆಗೆದು, ಜಾತಿ ಆದಾಯದ ಪತ್ರ, 371(ಜೆ) ಪ್ರಮಾಣಪತ್ರ ಮೊದಲಾದವುಗಳ ಪ್ರತಿ ಹಚ್ಚಿ, ಕಚೇರಿಯ ಕಿಟಕಿಯಲ್ಲಿ ಕೊಡಬೇಕು. ಕಾಗದ ಹೋಯಿತೆಂದು ಸಾರಿದ ಕಾಲದಲ್ಲಿ ಕಾಗದ ಇಮ್ಮಡಿಯಾಗಿದೆ. ನಮ್ಮಲ್ಲಿಗೆ ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲೂಕಿನ ಹಳ್ಳಿಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ನಾನೇ ಶಹಾಪುರದ ಕಡೆಯವಳು. ಮಲಗಿದ ಬುದ್ಧನ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಭೀಮೆಯನ್ನು ದಾಟಿ ಬರುವುದು ನನ್ನ ನಿತ್ಯದ ಕೆಲಸ. ಸುರಪುರದಾಚೆಯ ಹಳ್ಳಿಯವರಿಗೆ ಎರಡು ಬಸ್ಸು. ಮಧ್ಯಾಹ್ನ ತರಗತಿ ಬಿಟ್ಟ ಮೇಲೆ ಒಂದು ಪುಟದ ಅಚ್ಚಿಗಾಗಿ ಝೆರಾಕ್ಸ್ ಅಂಗಡಿಯ ಮುಂದೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ಮನೆಯಲ್ಲಿ ಕೇಳುವ ಪ್ರಶ್ನೆಗಳು ಯಾವ ಪರೀಕ್ಷೆಯಲ್ಲೂ ಇರುವುದಿಲ್ಲ. ಅದರಲ್ಲೂ ಹುಡುಗಿಯಾದರೆ ಕೇಳುವುದೇ ಬೇಡ. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಲಾರದೆ ಓದು ಬಿಟ್ಟವರನ್ನು ನಾನು ಬಲ್ಲೆ.

ಗಣಕಕೊಠಡಿಯಲ್ಲಿ ಹದಿನಾಲ್ಕು ಯಂತ್ರಗಳಿವೆ. ಎಲ್ಲದರಲ್ಲೂ ಲಿನಕ್ಸ್ ಇದೆ. ಹಣ ಕೊಡದೆ ಸಿಕ್ಕಿತೆಂಬ ಕಾರಣಕ್ಕೆ ಅದು ನಮ್ಮಲ್ಲಿಗೆ ಬಂತೆಂದು ಹೇಳುತ್ತಾರೆ. ಕಾರಣ ಏನೇ ಇರಲಿ, ಬಂದದ್ದು ಒಳ್ಳೆಯದಾಯಿತು. ಆದರೆ ಮೊದಲು ನಮಗೆ ದೊರೆತ ಪ್ರಿಂಟರು ಬಹಳ ಅಗ್ಗದ್ದು. ಅದಕ್ಕೆ ಸ್ವಂತ ಬುದ್ಧಿ ಎಂಬುದು ಇರಲಿಲ್ಲ. ಪುಟದ ಮೇಲೆ ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂಬುದನ್ನು ಗಣಕವೇ ಚುಕ್ಕೆ ಚುಕ್ಕೆಯಾಗಿ ಲೆಕ್ಕ ಹಾಕಿ ಉಣಿಸಬೇಕು. ಹಾಗೆ ಉಣಿಸುವ ತಂತ್ರಾಂಶವನ್ನು ತಯಾರಕರು ವಿಂಡೋಸಿಗೆ ಮಾತ್ರ ಬರೆದಿದ್ದರು. ಆದ್ದರಿಂದ ಹದಿನಾಲ್ಕು ಗಣಕಗಳ ನಡುವೆ ಅದು ಪರದೇಶದಿಂದ ಬಂದ ಅತಿಥಿಯಂತೆ ಮೌನವಾಗಿ ಕುಳಿತಿತ್ತು. ಒಂದೆರಡು ವರ್ಷ ಅದರ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದರು. ಅಚ್ಚು ಬೇಕಾದವರು ಪೆನ್‌ಡ್ರೈವಿನಲ್ಲಿ ಕಡತವನ್ನು ಹೊತ್ತುಕೊಂಡು ಹೊರಗಿನ ಅಂಗಡಿಗೆ ಹೋಗುತ್ತಿದ್ದರು. ಬರುವಾಗ ಅಚ್ಚಿನ ಜೊತೆಗೆ ವೈರಸ್ಸನ್ನೂ ತರುತ್ತಿದ್ದರು.

ಮೂಕ ಪ್ರಿಂಟರಿನ ಕಷ್ಟ ನಮಗೊಬ್ಬರಿಗೇ ಬಂದದ್ದೇನೂ ಅಲ್ಲ. ಅಮೆರಿಕದ ಎಂಐಟಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ 1980ರ ಸುಮಾರಿನಲ್ಲಿ ಝೆರಾಕ್ಸ್ ಸಂಸ್ಥೆ ಒಂದು ಲೇಸರ್ ಪ್ರಿಂಟರನ್ನು ಕೊಡುಗೆಯಾಗಿ ಕೊಟ್ಟಿತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ಇದ್ದದ್ದು ಒಂದು ಕಡೆ, ಕೆಲಸ ಕಳಿಸಿದವರು ಕುಳಿತದ್ದು ಇನ್ನೊಂದು ಕಡೆ. ಅಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ತರುಣನಿದ್ದ. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದೊಡನೆ ಕಾಯುತ್ತಿರುವವರ ತೆರೆಯ ಮೇಲೆ ಸುದ್ದಿ ಮೂಡುವಂತೆ ಆತ ಮಾಡಿದ್ದ. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ಅದರ ಮೂಲಬರಹ ಕೊಟ್ಟಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಬಳಿ ಅದು ಇದೆಯೆಂದು ತಿಳಿದು ಅಲ್ಲಿಗೆ ಹೋಗಿ ಕೇಳಿದ. ಯಾರಿಗೂ ಕೊಡುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಅವರು ಹೇಳಿಬಿಟ್ಟರು. ಆ ಮಾತು ಆತನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. 1983ರಲ್ಲಿ ಆತ ಆರಂಭಿಸಿದ ಗ್ನೂ ಯೋಜನೆಯ ಹಿಂದೆ ಈ ಪ್ರಿಂಟರಿನ ನೆನಪೂ ಇತ್ತೆಂದು ಆತನೇ ಹೇಳಿಕೊಂಡಿದ್ದಾನೆ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್ ತಿರುಳು ಅದರೊಡನೆ ಕೂಡಿಕೊಂಡಿತು. ಅದೇ ನಮ್ಮ ಕೊಠಡಿಯಲ್ಲಿ ಇಂದು ನಡೆಯುತ್ತಿರುವುದು. ಒಂದು ಹಟಮಾರಿ ಪ್ರಿಂಟರಿನಿಂದ ಹೊರಟ ವಿದ್ಯೆ ಇನ್ನೊಂದು ಹಟಮಾರಿ ಪ್ರಿಂಟರಿನ ಮುಂದೆ ಬಂದು ನಿಂತಿತ್ತೆಂದರೆ ಸ್ವಲ್ಪ ನಗೆ ಬರುತ್ತದೆ.

ಯುನಿಕ್ಸ್ ವಂಶಕ್ಕೂ ಅಚ್ಚಿನ ಕೆಲಸಕ್ಕೂ ಇದಕ್ಕಿಂತ ಹಳೆಯ ನಂಟಿದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸನ್ನು ಕಟ್ಟತೊಡಗಿದಾಗ ಅವರ ಬಳಿ ಇದ್ದದ್ದು ಒಂದು ಹಳೆಯ ಸಣ್ಣ ಗಣಕ. ಹೊಸದು ಬೇಕೆಂದು ಮೇಲಿನವರನ್ನು ಕೇಳುವಾಗ, ಪೇಟೆಂಟ್ ವಿಭಾಗದ ಬರಹಗಳನ್ನು ಅಚ್ಚುಕಟ್ಟಾಗಿ ಹೊಂದಿಸಿ ತೆಗೆದುಕೊಡುತ್ತೇವೆಂದು ಒಪ್ಪಿಕೊಂಡರು. 1971ರಲ್ಲಿ ಆ ವಿಭಾಗದ ಬೆರಳಚ್ಚುಗಾರರೇ ಯುನಿಕ್ಸಿನ ಮೊದಲ ಹೊರಗಿನ ಬಳಕೆದಾರರಾದರು. ಸಾಲುಗಳಿಗೆ ಅಂಕೆ ಹಾಕಿ ಅರ್ಜಿ ಅಚ್ಚು ಮಾಡುವುದು ಅವರ ಕೆಲಸ. ಅಂದರೆ ಅರ್ಜಿಯ ಅಚ್ಚು ಎಂಬುದು ಈ ವಿದ್ಯೆಗೆ ಕೀಳು ಕೆಲಸವಲ್ಲ. ಅದು ಹುಟ್ಟಿದ ಮನೆಯ ಕೆಲಸ. ಗಣಕಕೊಠಡಿ ಇರುವುದು ಕಲಿಯುವುದಕ್ಕೆ, ಅರ್ಜಿ ತೆಗೆಯುವುದಕ್ಕಲ್ಲ ಎಂದು ಆಗಾಗ ಗದರಿಸುವ ಹಿರಿಯರು ಇದನ್ನು ಗಮನಿಸಬೇಕು.

ಎರಡನೆಯ ಪ್ರಿಂಟರು ಕಳೆದ ವರ್ಷ ಬಂತು. ಈ ಸಲ ಆಯ್ಕೆಯಲ್ಲಿ ನಮ್ಮ ಅಧ್ಯಾಪಕರೊಬ್ಬರು ಎಚ್ಚರ ವಹಿಸಿದರು. ತಂತಿಯಿಂದ ನೇರವಾಗಿ ಜಾಲಕ್ಕೆ ಸೇರುವಂಥದು, ಪುಟದ ವಿವರಣೆಯನ್ನು ತಾನೇ ಅರ್ಥಮಾಡಿಕೊಳ್ಳುವಂಥದು ಬೇಕೆಂದು ಹಟ ಹಿಡಿದರು. ಬೆಲೆ ಸ್ವಲ್ಪ ಹೆಚ್ಚು. ಆದರೆ ಇಂಥ ಯಂತ್ರಕ್ಕೆ ಪ್ರತ್ಯೇಕ ತಂತ್ರಾಂಶ ಹುಡುಕುತ್ತ ಅಲೆಯಬೇಕಾಗಿಲ್ಲ. ಐಪಿಪಿ ಎಂಬ ಒಂದು ಒಪ್ಪಂದದ ಭಾಷೆ ಇದೆ. ಅದನ್ನು ಬಲ್ಲ ಪ್ರಿಂಟರು ತನ್ನ ಗುಣಗಳನ್ನು ತಾನೇ ಹೇಳಿಕೊಳ್ಳುತ್ತದೆ: ನಾನು ಎ4 ಕಾಗದ ಬಲ್ಲೆ, ಎರಡೂ ಮಗ್ಗುಲು ಅಚ್ಚು ಮಾಡಬಲ್ಲೆ, ಬಣ್ಣ ನನ್ನಲ್ಲಿಲ್ಲ ಎಂದು. ಲಿನಕ್ಸಿನಲ್ಲಿ ಅಚ್ಚಿನ ಕೆಲಸವನ್ನು ನೋಡಿಕೊಳ್ಳುವ ಕಾರಕೂನನ ಹೆಸರು ಕಪ್ಸ್. ಮೈಕೆಲ್ ಸ್ವೀಟ್ ಎಂಬುವರು ಅದನ್ನು 1999ರಲ್ಲಿ ಹೊರತಂದರು. 2007ರಲ್ಲಿ ಆಪಲ್ ಸಂಸ್ಥೆ ಅದನ್ನು ಕೊಂಡಿತು. ಕೊಂಡ ಮೇಲೂ ಮೂಲಬರಹ ಎಲ್ಲರಿಗೂ ತೆರೆದೇ ಉಳಿಯಿತು. ಅದಕ್ಕಿಂತ ಹಿಂದೆ ಬರ್ಕ್ಲಿಯ ಯುನಿಕ್ಸಿನಿಂದ ಬಂದ ಎಲ್‌ಪಿಡಿ ಎಂಬ ಪದ್ಧತಿ ಇತ್ತು. ಎರಡರಲ್ಲೂ ತತ್ತ್ವ ಒಂದೇ: ಕೆಲಸ ತಂದವನು ಯಂತ್ರದ ಮುಂದೆ ನಿಂತು ಕಾಯಬೇಕಾಗಿಲ್ಲ, ಕಡತವನ್ನು ಕಾರಕೂನನ ಕೈಗೆ ಕೊಟ್ಟು ಹೋಗಬಹುದು, ಅವನು ಬಂದ ಕ್ರಮದಲ್ಲಿ ಪಾಳಿ ಹಚ್ಚಿ ಒಂದೊಂದಾಗಿ ಯಂತ್ರಕ್ಕೆ ಕಳಿಸುತ್ತಾನೆ. ಇಂಗ್ಲಿಷಿನಲ್ಲಿ ಕ್ಯೂ ಎನ್ನುವುದಕ್ಕೆ ನಮ್ಮ ಕಡೆಯ ‘ಪಾಳಿ’ ಎಂಬ ಮಾತು ಎಷ್ಟು ಸೊಗಸಾಗಿ ಒಪ್ಪುತ್ತದೆ! ನೀರಿನ ನಲ್ಲಿಯ ಮುಂದೆ ಕೊಡ ಇಟ್ಟು ಮನೆಗೆ ಹೋಗಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೋಡಿಸುವ ಕೆಲಸ ಅಧ್ಯಾಪಕರು ನಮ್ಮ ಮೂವರಿಗೆ ಬಿಟ್ಟರು. ನಾವು ಅಂತರಜಾಲ ನೋಡಿ ನೋಡಿ ಒಂದು ಶನಿವಾರ ಇಡೀ ದಿನ ಕುಳಿತು ಮಾಡಿದೆವು. ಪ್ರಿಂಟರಿಗೆ ಜಾಲದಲ್ಲಿ ಒಂದು ವಿಳಾಸ ಸಿಕ್ಕಿತ್ತು: 192.168.1.23. ಹದಿನಾಲ್ಕು ಗಣಕಗಳಲ್ಲಿಯೂ ಒಂದೊಂದರ ಮುಂದೆ ಕುಳಿತು ಆ ವಿಳಾಸ, 9100 ಎಂಬ ದ್ವಾರಸಂಖ್ಯೆ, ಯಂತ್ರದ ಮಾದರಿ ಎಲ್ಲವನ್ನೂ ತುಂಬಿದೆವು. ಐಪಿಪಿಯ ವಿಚಾರ ಆಗ ನಮಗೆ ಗೊತ್ತಿರಲಿಲ್ಲ. 9100 ಎಂದರೆ ಬಾಗಿಲು ತೆರೆದು ಕಡತವನ್ನು ಒಳಗೆ ಎಸೆದು ಬಂದಂತೆ, ಒಳಗಿನವರು ಏನು ಹೇಳಿದರೆಂದು ಚೆನ್ನಾಗಿ ತಿಳಿಯುವುದಿಲ್ಲ. ಸಂಜೆ ನಾಲ್ಕಕ್ಕೆ ಮೊದಲ ಪುಟ ಹೊರಬಂತು. ಅದರ ಮೇಲೆ ನಮ್ಮ ಮೂವರ ಹೆಸರೂ ಇತ್ತು. ಆ ಹಾಳೆಯನ್ನು ಗೋಡೆಗೆ ಅಂಟಿಸಿದೆವು. ಅಷ್ಟು ಬೇಗ ಹೆಮ್ಮೆಪಡಬಾರದಿತ್ತು.

ಪರೀಕ್ಷೆಯ ಅರ್ಜಿಗೆ ಕೊನೆಯ ದಿನ. ಹನ್ನೊಂದು ಗಂಟೆಗೆ ಕರೆಂಟು ಹೋಗಿ ಹನ್ನೆರಡೂವರೆಗೆ ಬಂತು. ಬಂದ ಮೇಲೆ ಪ್ರಿಂಟರಿನ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು, ಗಣಕಗಳೂ ಎದ್ದವು, ಅಚ್ಚು ಮಾತ್ರ ಬರಲೊಲ್ಲದು. ಕೊಠಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಒತ್ತಿ ನೋಡಿದ. ಬರದಿದ್ದುದಕ್ಕೆ ಮತ್ತೆ ಒತ್ತಿದ. ಪಕ್ಕದವಳು ಬೇರೆ ಗಣಕಕ್ಕೆ ಹೋಗಿ ಒತ್ತಿದಳು. ಪ್ರಿಂಟರು ಕೆಟ್ಟಿತೆಂಬ ಸುದ್ದಿ ಹಬ್ಬಿ ಕೆಲವರು ಪೇಟೆಗೆ ಓಡಿದರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ 2009ರ ಡಿಸೆಂಬರ್ 30ಕ್ಕೆ ಹುಟ್ಟಿದರೂ ದುರಸ್ತಿಯವನು ಇನ್ನೂ ಕಲಬುರಗಿಯಿಂದಲೇ ಬರಬೇಕು. ಫೋನು ಮಾಡಿದರೆ ನಾಳೆ ಎಂದ.

ನಾನು ಜವಾನ ಕಾಕಾನನ್ನು ಕೇಳಿದೆ: “ಕಾಕಾ, ರೌಟರಿನ ಡಬ್ಬಿ ಯಾರಾರ ಮುಟ್ಟಿದ್ರೇನ್ರಿ?”

“ಕರೆಂಟ್ ಹೋಗಿತ್ತವಾ ತಂಗಿ, ಬಂತು. ನಾ ಯಾತಕ್ಕ ಮುಟ್ಟಲಿ? ಅದೂ ಸತ್ತು ಎದ್ದೈತಿ, ಎಲ್ಲಾರಂಗ.”

ಕಾಕಾನ ಮಾತಿನಲ್ಲಿಯೇ ಉತ್ತರವಿತ್ತು. ನಮ್ಮ ಜಾಲದಲ್ಲಿ ವಿಳಾಸಗಳನ್ನು ಹಂಚುವವನು ಆ ರೌಟರು. ಸತ್ತು ಎದ್ದ ಮೇಲೆ ಅದಕ್ಕೆ ಹಿಂದಿನ ನೆನಪು ಉಳಿದಿರಲಿಲ್ಲ. ಮೊದಲು ಕೇಳಿದವರಿಗೆ ಮೊದಲಿನ ವಿಳಾಸ ಎಂಬಂತೆ ಹೊಸದಾಗಿ ಹಂಚಿಬಿಟ್ಟಿತ್ತು. ನಾವು ಹದಿನಾಲ್ಕು ಗಣಕಗಳಲ್ಲಿ ಬರೆದಿಟ್ಟ ಮನೆಯಲ್ಲಿ ಈಗ ಬೇರೆ ಯಾರೋ ಇದ್ದರು. ಟಪಾಲಿನವನು ಬಾಗಿಲು ಬಡಿದು ಬಡಿದು ಹಿಂದಿರುಗುತ್ತಿದ್ದ. ಇದು ಹೊಳೆಯಲು ನನಗೆ ಎರಡು ಗಂಟೆ ಹಿಡಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆ ಎರಡು ಗಂಟೆ ನಾನು ಕೇಬಲ್ಲನ್ನು ಕಿತ್ತು ಹಾಕಿ, ಟೋನರನ್ನು ಅಲ್ಲಾಡಿಸಿ, ಎಲ್ಲ ಬಗೆಯ ಮೂಢಕರ್ಮಗಳನ್ನೂ ಮಾಡಿದೆ. ಕಡೆಗೆ ಪ್ರಿಂಟರಿನ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಅದು ತನ್ನ ವಿವರದ ಹಾಳೆಯನ್ನು ತಾನೇ ಅಚ್ಚು ಮಾಡಿ ಕೊಟ್ಟಿತು. ಅದರಲ್ಲಿ ವಿಳಾಸ 192.168.1.31 ಎಂದಿತ್ತು.

ಸರಿ, ವಿಳಾಸ ತಿದ್ದಬೇಕು. ಎಷ್ಟು ಕಡೆ? ಹದಿನಾಲ್ಕು ಕಡೆ. ಮೊದಲ ಗಣಕದಲ್ಲಿ ತಿದ್ದಿದೊಡನೆ ಪ್ರಿಂಟರು ಗುಡುಗಿತು. ಆ ಗಣಕದಲ್ಲಿ ಅಷ್ಟು ಹೊತ್ತು ಒತ್ತಿದ ಒತ್ತುಗಳೆಲ್ಲ ಪಾಳಿಯಲ್ಲಿ ಕಾದು ಕುಳಿತಿದ್ದವು. ಒಬ್ಬನದೇ ಅರ್ಜಿ ಹನ್ನೊಂದು ಸಲ ಹೊರಬಂತು. ಎರಡನೆಯದನ್ನು ತಿದ್ದಿದರೆ ಮತ್ತೆ ಅದೇ ಮಳೆ. ಒಂದು ರೀಮು ಕಾಗದ ನಮ್ಮ ಕಣ್ಣೆದುರಿಗೇ ಮುಗಿಯಿತು. ಆ ಮೇಲೆ ಬುದ್ಧಿ ಬಂದು, ಉಳಿದ ಗಣಕಗಳಲ್ಲಿ ಮೊದಲು ‘ಕ್ಯಾನ್ಸಲ್ ಮೈನಸ್ ಎ’ ಎಂದು ಬರೆದು ಪಾಳಿ ತೊಳೆದು ಅನಂತರ ವಿಳಾಸ ತಿದ್ದಿದೆ. ಆದರೆ ಅಷ್ಟರಲ್ಲಿ ಇನ್ನೊಂದು ಅನ್ಯಾಯ ಕಾಣಿಸಿತು. ಗಣಕಕ್ಕೊಂದರಂತೆ ಹದಿನಾಲ್ಕು ಪಾಳಿಗಳಿದ್ದರೆ ಯಾವ ಪಾಳಿಯೂ ಪಾಳಿಯಲ್ಲ. ಪ್ರಿಂಟರು ಬಿಡುವಾದ ಕ್ಷಣದಲ್ಲಿ ಯಾವ ಗಣಕ ಮೊದಲು ಬಾಗಿಲು ತಟ್ಟುತ್ತದೋ ಅದರ ಕೆಲಸ ಒಳಗೆ. ಬೆಳಗ್ಗೆ ಒಂಬತ್ತಕ್ಕೆ ಬಂದು ಕುಳಿತಿದ್ದ ಸುರಪುರದ ಕಡೆಯ ನನ್ನ ಗೆಳತಿಯ ಅರ್ಜಿ ಹಿಂದೆ ಬಿತ್ತು. ಮೂರೂವರೆಗೆ ಬಂದವನದು ಮುಂದೆ ಹೋಯಿತು. ಆಕೆಯ ಹಾಳೆ ಕೈಗೆ ಬಂದಾಗ ಐದಕ್ಕೆ ಐದು ನಿಮಿಷ. ಕಚೇರಿಯ ಕಾರಕೂನರು ದೊಡ್ಡ ಮನಸ್ಸು ಮಾಡಿ ಕಿಟಕಿಯನ್ನು ಐದೂಕಾಲರವರೆಗೆ ತೆರೆದಿಟ್ಟರು. ಅರ್ಜಿ ಸಂದಿತು, ಬಸ್ಸು ತಪ್ಪಿತು. ಆ ರಾತ್ರಿ ಆಕೆ ನಮ್ಮ ಮನೆಯಲ್ಲಿ ಉಳಿದಳು. ಅವಳ ಅಪ್ಪನಿಗೆ ನಮ್ಮ ಅವ್ವ ಫೋನಿನಲ್ಲಿ ತಾನೇ ಮಾತಾಡಿ ಸಮಾಧಾನ ಹೇಳಬೇಕಾಯಿತು. ಪ್ರಿಂಟರು ಕೆಟ್ಟಿದೆಯೆಂದು ನಂಬಿ ಮಧ್ಯಾಹ್ನವೇ ಊರಿಗೆ ಹೋಗಿದ್ದ ಒಬ್ಬ ಹುಡುಗ ಮರುವಾರ ದಂಡ ಕಟ್ಟಿದ. ದಂಡದ ಹಣ ಅವನ ತಾಯಿಯ ಹತ್ತಿ ಬಿಡಿಸಿದ ಕೂಲಿಯಿಂದ ಬಂತೆಂದು ಅನಂತರ ತಿಳಿಯಿತು. ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಗೋಡೆಗೆ ಅಂಟಿಸಿದ್ದ ನಮ್ಮ ಹೆಸರಿನ ಹಾಳೆಯನ್ನು ಮರುದಿನ ನಾನೇ ಕಿತ್ತೆ.

ಈಗಿನ ಏರ್ಪಾಡು ಬೇರೆ. ರೌಟರಿನಲ್ಲಿ ಪ್ರಿಂಟರಿನ ಹುಟ್ಟುಸಂಖ್ಯೆಯನ್ನು ಬರೆದು ಅದಕ್ಕೆ 192.168.1.50 ಎಂಬ ವಿಳಾಸವನ್ನು ಕಾಯ್ದಿರಿಸಿದ್ದೇವೆ. ಕರೆಂಟು ನೂರು ಸಲ ಹೋಗಿ ಬಂದರೂ ಅದು ಬೇರೆಯವರಿಗೆ ಹೋಗುವುದಿಲ್ಲ. ಬಾಗಿಲ ಬಳಿಯ ಮೊದಲ ಗಣಕ ಒಂದೇ ಪ್ರಿಂಟರಿನೊಡನೆ ಮಾತಾಡುತ್ತದೆ, ಐಪಿಪಿಯಲ್ಲಿ. ಉಳಿದ ಹದಿಮೂರು ಅದರ ಕೈಗೆ ಕೆಲಸ ಒಪ್ಪಿಸುತ್ತವೆ. ಏನಾದರೂ ತಿದ್ದಬೇಕಾದರೆ ಒಂದು ಕಡೆ ತಿದ್ದಿದರೆ ಸಾಕು. ಎಲ್ಲರ ಕೆಲಸವೂ ಒಂದೇ ಪಾಳಿಯಲ್ಲಿ ನಿಲ್ಲುತ್ತದೆ. ಯಾರ ಮುಂದೆ ಎಷ್ಟು ಜನರಿದ್ದಾರೆಂಬುದನ್ನು ‘ಎಲ್‌ಪಿಸ್ಟ್ಯಾಟ್’ ಎಂದು ಕೇಳಿ ತೆರೆಯ ಮೇಲೆ ನೋಡಬಹುದು. ಮೊದಲ ಗಣಕ ಕೆಟ್ಟರೆ ಎಲ್ಲವೂ ನಿಲ್ಲುತ್ತದೆ, ನಿಜ. ಆದರೆ ಎಲ್ಲಿ ನಿಂತಿತೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಕನ್ನಡದ ವಿಚಾರವನ್ನು ಇಲ್ಲಿ ಹೇಳದಿದ್ದರೆ ಇತಿಹಾಸ ವಿಭಾಗದವರು ನನ್ನನ್ನು ಕ್ಷಮಿಸಲಾರರು. ಗುರುಗಳೊಬ್ಬರು ಸುರಪುರದ ನಾಯಕರ ಮೇಲೆ ಹಿಂದೆ ಬರೆದಿಟ್ಟ ಟಿಪ್ಪಣಿಯನ್ನು ಅಚ್ಚು ಮಾಡಿಸಲು ತಂದರು. ರಾಜಾ ವೆಂಕಟಪ್ಪ ನಾಯಕನ ಹೆಸರಿರಬೇಕಾದ ಕಡೆ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರಗಳು ಕುಣಿಯುತ್ತಿದ್ದವು. ಗುರುಗಳು ಪ್ರಿಂಟರನ್ನು ಬೈದರು. ಪಾಪ, ಪ್ರಿಂಟರಿನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ಮುಖವಾಡ ಕಳಚಿ ಇಂಗ್ಲಿಷೇ ಕಾಣುತ್ತದೆ. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆತಿದೆ. ಈಗಿನ ನುಡಿಯೂ ಯುನಿಕೋಡನ್ನು ಬಲ್ಲದು, ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಅಂದದ ಅಕ್ಷರಗಳು ಬಿಟ್ಟಿಯಾಗಿ ದೊರೆಯುತ್ತವೆ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವೂ ಅದರಲ್ಲಿದೆ. ಯುನಿಕೋಡಿನಲ್ಲಿ ಬರೆದದ್ದನ್ನು ಕಪ್ಸ್‌ಗೆ ಕೊಟ್ಟರೆ, ಅಕ್ಷರದ ಆಕಾರಗಳು ಕಡತದೊಳಗೇ ಕೂಡಿ ಹೋಗುವುದರಿಂದ ತೆರೆಯ ಮೇಲೆ ಒತ್ತಕ್ಷರ ಹೇಗಿತ್ತೋ ಕಾಗದದ ಮೇಲೂ ಹಾಗೆಯೇ ಬರುತ್ತದೆ. ಗುರುಗಳ ಟಿಪ್ಪಣಿಯನ್ನು ಪರಿವರ್ತಿಸಿ ಕೊಟ್ಟೆವು. ಅರ್ಕಾವತ್ತು ಕೆಲವು ಕಡೆ ತಪ್ಪಿತ್ತು. ಅವರು ಕೆಂಪು ಮಸಿಯಲ್ಲಿ ತಿದ್ದಿ, ನಮಗೆ ಚಹಾ ಕುಡಿಸಿದರು.

ಇನ್ನು ಎರಡು ಪಾಳಿಯ ಪ್ರಶ್ನೆ. ಅದನ್ನು ಮಾಡುವುದು ಕಷ್ಟವಲ್ಲ. ಒಂದೇ ಯಂತ್ರಕ್ಕೆ ಕಪ್ಸಿನಲ್ಲಿ ಎರಡು ಹೆಸರು ಕೊಟ್ಟು, ಒಂದನ್ನು ಯಾರು ಬಳಸಬಹುದೆಂದು ಪಟ್ಟಿ ಬರೆದರೆ ಹತ್ತು ನಿಮಿಷದ ಕೆಲಸ. ಸಲಹೆಯ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿದೆ. ಹುಡುಗರು ಸಿನೆಮಾ ನಟರ ಚಿತ್ರ ಅಚ್ಚು ಮಾಡುತ್ತಾರೆ ಎನ್ನುತ್ತಾರೆ. ಮಾಡಿದ್ದಾರೆ, ನಾನು ನೋಡಿದ್ದೇನೆ. ಟೋನರಿಗೆ ಹಣ ಎಲ್ಲಿಂದ ಎನ್ನುತ್ತಾರೆ. ಅದಕ್ಕೂ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ಇದಕ್ಕೆ ಮದ್ದು ಬೇರೆ ಉಂಟು. ಕಪ್ಸಿನಲ್ಲಿ ಒಬ್ಬೊಬ್ಬರಿಗೆ ಇಂತಿಷ್ಟು ಕಾಲದಲ್ಲಿ ಇಂತಿಷ್ಟು ಪುಟ ಎಂದು ಮಿತಿ ಹಾಕಬಹುದು. ಕಾಲವನ್ನು ಸೆಕೆಂಡುಗಳಲ್ಲಿ ಬರೆಯಬೇಕು. ಒಂದು ವಾರಕ್ಕೆ 6,04,800. ವಾರಕ್ಕೆ ಇಪ್ಪತ್ತು ಪುಟ ಸಾಕೆಂದು ನನ್ನೆಣಿಕೆ. ಈ ಮಿತಿ ಪ್ರಿಂಟರಿಗೆ ಹಾಕುವಂಥದು, ಆದ್ದರಿಂದ ಅದನ್ನು ಬಳಸುವ ಎಲ್ಲರಿಗೂ ಸಮನಾಗಿ ಬೀಳುತ್ತದೆ. ಅಲ್ಲಿಯೇ ಕೆಲವರಿಗೆ ಬೇಸರವೆಂದು ತೋರುತ್ತದೆ. ಯಾರು ಎಷ್ಟು ಪುಟ ತೆಗೆದರೆಂಬ ಲೆಕ್ಕವನ್ನೂ ಆ ಕಾರಕೂನ ಬರೆದಿಡುತ್ತಾನೆ. ಕಳೆದ ಅವಧಿಯ ಆ ಪಟ್ಟಿಯನ್ನು ನಾನು ನೋಡಿದೆ. ಮೊದಲ ಸ್ಥಾನದಲ್ಲಿದ್ದ ಹೆಸರು ವಿದ್ಯಾರ್ಥಿಯದಲ್ಲ ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ.

ಪ್ರಶ್ನಪತ್ರಿಕೆಗಳ ಗುಟ್ಟು ಉಳಿಯಬೇಕಲ್ಲವೇ ಎಂದು ಇನ್ನೊಂದು ಆಕ್ಷೇಪ. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು. ನಾನು ಪೂರ್ತಿ ಒಪ್ಪುತ್ತೇನೆ. ಅಚ್ಚಾದ ಮೇಲೂ ಕಡತದ ಪ್ರತಿ ಆ ಮೊದಲ ಗಣಕದಲ್ಲಿ ಸಾಮಾನ್ಯವಾಗಿ ಒಂದು ದಿನ ಉಳಿದಿರುತ್ತದೆ. ಎಲ್ಲರ ಕಣ್ಣಿಗೆ ಬೀಳದಿದ್ದರೂ ಗಣಕದ ಯಜಮಾನಿಕೆಯ ಗುಪ್ತಪದ ಬಲ್ಲವರಿಗೆ ಅದು ಸಿಗುತ್ತದೆ. ಆ ಗುಪ್ತಪದ ಬಲ್ಲವರಲ್ಲಿ ಇಬ್ಬರು ವಿದ್ಯಾರ್ಥಿಗಳು. ಪಾಳಿ ಎರಡು ಮಾಡಿದರೂ ಕಡತ ಹಾಯ್ದು ಹೋಗುವುದು ಅದೇ ಗಣಕದ ಮೂಲಕವೇ. ಆದ್ದರಿಂದ ಪ್ರಶ್ನಪತ್ರಿಕೆ ಈ ಪ್ರಿಂಟರಿಗೆ ಬರಲೇಕೂಡದು. ಕಚೇರಿಯ ಮೇಜಿನ ಮೇಲೆ, ತಂತಿಯಿಂದ ನೇರವಾಗಿ ಕಟ್ಟಿದ, ಜಾಲಕ್ಕೆ ಸೇರದ ಒಂದು ಸಣ್ಣ ಯಂತ್ರ ಅದಕ್ಕೆ ಬೇಕು. ವಿಂಡೋಸ್ ಇರುವ ಕಚೇರಿಯ ಗಣಕಕ್ಕೆ ನಮ್ಮ ಹಳೆಯ ಮೂಕ ಪ್ರಿಂಟರನ್ನು ಕೊಟ್ಟರೆ ಅದು ಅಲ್ಲಿ ನಿರರ್ಗಳವಾಗಿ ಮಾತಾಡೀತು.

ಈ ಸಂದರ್ಭದಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕಪ್ಸಿನಲ್ಲಿ ಪ್ರತಿಯೊಂದು ಕೆಲಸಕ್ಕೂ 1ರಿಂದ 100ರವರೆಗೆ ಒಂದು ಆದ್ಯತೆಯ ಅಂಕವಿದೆ. ಏನೂ ಹೇಳದಿದ್ದರೆ 50. ನೂರು ಎಂದು ಬರೆದು ಕಳಿಸಿದರೆ ಆ ಕೆಲಸ ಕಾಯುತ್ತಿರುವ ಎಲ್ಲರನ್ನೂ ಹಿಂದೆ ಹಾಕಿ ಮುಂದೆ ನಿಲ್ಲುತ್ತದೆ. ಇದನ್ನು ಓದಿ ತಿಳಿದ ವಾರವೇ ನನ್ನ ಸೆಮಿನಾರಿನ ಪ್ರಬಂಧವನ್ನು ನೂರು ಎಂದು ಬರೆದು ಕಳಿಸಿದೆ. ಒಂಬತ್ತು ಪುಟ. ನನ್ನ ಮುಂದೆ ಆರು ಜನರಿದ್ದರು. ಯಾರಿಗೂ ತಿಳಿಯಲಿಲ್ಲ, ಯಂತ್ರ ಎಂದಿನಂತೆ ನಡೆಯುತ್ತಿದೆಯೆಂದು ಅವರು ಭಾವಿಸಿದರು. ಅವರು ಸುಮ್ಮನೆ ಕಾಯುತ್ತ ನಿಂತದ್ದನ್ನು ನೋಡಿ ನನಗೆ ಆ ಕೊನೆಯ ದಿನದ ನೆನಪಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪಾಳಿ ಮುರಿದರೆ ಹತ್ತು ಬಾಯಿ ಕೂಗುತ್ತವೆ. ಗಣಕದೊಳಗೆ ಮುರಿದರೆ ಕೂಗುವವರಿಲ್ಲ. ಎರಡು ಪಾಳಿ ಬೇಡವೆನ್ನುವುದಕ್ಕೆ ನನಗಿರುವ ದೊಡ್ಡ ಕಾರಣ ಇದು. ಹಿಂದೆ ಬಿದ್ದವನಿಗೆ ತಾನು ಹಿಂದೆ ಬಿದ್ದೆನೆಂಬುದೇ ತಿಳಿಯುವುದಿಲ್ಲ. ಗುರುಗಳಿಗೆ ನಿಜವಾಗಿ ಅವಸರವಿದ್ದರೆ ಕೊಠಡಿಗೆ ಬಂದು ಒಂದು ಮಾತು ಹೇಳಲಿ. ಅಲ್ಲಿರುವ ಹುಡುಗರು ಎದ್ದು ನಿಂತು ದಾರಿ ಬಿಡದಿರುವಷ್ಟು ನಮ್ಮ ಸೀಮೆಯ ಮರ್ಯಾದೆ ಕೆಟ್ಟಿಲ್ಲ. ಆದ್ಯತೆಯ ಅಂಕವನ್ನು ಬಳಕೆದಾರರು ಬದಲಾಯಿಸದಂತೆ ಬಂದೋಬಸ್ತು ಮಾಡಬೇಕೆಂದು ಅಧ್ಯಾಪಕರಿಗೆ ಹೇಳಿದ್ದೇನೆ. ಹೇಗೆ ಗೊತ್ತಾಯಿತೆಂದು ಅವರು ಕೇಳಿದರು; ಓದಿದೆ ಎಂದೆ.

ಇದೆಲ್ಲ ಕಲಾವಿಭಾಗದವರ ಕೈಯಲ್ಲಿ ನಡೆಯುವ ಕೆಲಸವೇ ಎಂದು ಅನುಮಾನಿಸುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಸರಕಾರಿ ಪ್ರೌಢಶಾಲೆಗಳಲ್ಲಿ ಬಹಳ ವರ್ಷಗಳಿಂದ ಲಿನಕ್ಸಿನಲ್ಲಿಯೇ ಗಣಕ ಕಲಿಸುತ್ತಾರೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ, ಪಠ್ಯಪುಸ್ತಕವೂ ಅವರಿಗೆ ಕನ್ನಡದಲ್ಲಿದೆ. ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಆಗುವುದು ಬಿ.ಎ. ಓದುವ ನಮಗೆ ಆಗಬಾರದೇಕೆ? ನಮಗೆ ಆಗದಿರುವುದಕ್ಕೆ ಒಂದೇ ಅಡ್ಡಿ ಕಾಣುತ್ತದೆ. ಒಬ್ಬರು ಕಲಿತದ್ದು ಅವರೊಡನೆಯೇ ಹೊರಟುಹೋಗುತ್ತದೆ. ಪ್ರಿಂಟರು ಜೋಡಿಸಿದ ನಮ್ಮ ಮೂವರಲ್ಲಿ ಒಬ್ಬ ಕಳೆದ ವರ್ಷವೇ ಪದವಿ ಮುಗಿಸಿ ಬೆಂಗಳೂರು ಸೇರಿದ. ಉಳಿದ ನಾವಿಬ್ಬರೂ ಈ ಮೇ ತಿಂಗಳಲ್ಲಿ ಹೊರಡುವವರು. ಮುಂದೆ ಒಂದು ದಿನ ರೌಟರು ಸುಟ್ಟು ಹೊಸದು ಬಂದರೆ, ಕಾಯ್ದಿರಿಸಿದ ವಿಳಾಸವೂ ಅದರೊಡನೆ ಸುಡುತ್ತದೆ. ಆಗ ಪ್ರಿಂಟರು ಕೆಟ್ಟಿತೆಂದು ಮತ್ತೆ ಅದರ ಮೇಲೆ ಹಾಜರಿ ಪುಸ್ತಕ ಇಟ್ಟಾರು.

ಆದ್ದರಿಂದ ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೇನೆ: ಪ್ರಿಂಟರಿನ ಹುಟ್ಟುಸಂಖ್ಯೆ, ವಿಳಾಸ, ಮೊದಲ ಗಣಕದಲ್ಲಿ ಬ್ರೌಸರು ತೆರೆದು 631ನೆಯ ದ್ವಾರಕ್ಕೆ ಹೋಗುವ ಬಗೆ, ಪಾಳಿ ತೊಳೆಯುವ ಬಗೆ, ಟೋನರು ಬದಲಾಯಿಸಿದ ದಿನಾಂಕಗಳು, ಆ ಕೊನೆಯ ದಿನ ನಾನು ಮಾಡಿದ ಮೂಢಕರ್ಮಗಳ ಪಟ್ಟಿ ಸಹ. ಪುಸ್ತಕ ಗಣಕಕೊಠಡಿಯ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಕೀಲಿ ಕಾಕಾನ ಬಳಿ. ಹತ್ತೊಂಬತ್ತನೆಯ ಪುಟದಿಂದ ಮುಂದೆ ಖಾಲಿ ಇದೆ. ಮೊದಲ ವರ್ಷದ ಇಬ್ಬರು ಹುಡುಗಿಯರು ಬಂದು ಕಲಿಯುತ್ತೇವೆಂದು ಹೇಳಿದ್ದಾರೆ. ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ರೌಟರನ್ನು ಆರಿಸಿ ಹಚ್ಚಿ ತೋರಿಸುವವಳಿದ್ದೇನೆ. ಬೇರೆ ಯಾರಾದರೂ ಬರುವುದಾದರೆ ಆಗಲೇ ಬರಬಹುದು.